ಭಾನುವಾರದ ಕರೆಂಟು

ನನ್ನ ತಮ್ಮನಿಗೆ ಕೂತಲ್ಲಿ ಕೂರೋಕಾಗಲ್ಲ. ಹುಟ್ಟಿದಾಗಿಂದ ಹಾಗೇ. ತೊಟ್ಟಿಲಿಂದ ಎರಡು ಸಲ ಬಿದ್ದಿದ್ದಾನೆ, ಎರಡು ಸಲವೂ ಬೈಸಿಕೊಂಡವಳು ನಾನು. ಐವತ್ತರ ಹತ್ತಿರ ಬಂದರೂ ಈಗಲೂ ಕಾಲಿಗೆ ಚಕ್ರ ಕಟ್ಟಿಕೊಂಡೇ ಓಡಾಡ್ತಾನೆ. ಟಿವಿ, ರೇಡಿಯೋ, ವಾಷಿಂಗ್ ಮಿಷಿನ್ ರಿಪೇರಿ ಅವನ ಕಸುಬು. ಬೀದಿಯವರಿಗೆಲ್ಲ ಅವನು ಗಡಿಬಿಡಿ. ಅಂಗಡಿ ಬೋರ್ಡಿನ ಮೇಲಿರೋ ಹೆಸರು ಅಂಚೆಯವನಿಗೆ ಮಾತ್ರ ಗೊತ್ತು. ಆದರೆ ಸೋಲ್ಡರಿಂಗ್ ಐರನ್ ಕೈಗೆ ಬಂತು ಅಂದರೆ ಆ ಗಡಿಬಿಡಿಯೆಲ್ಲ ಎಲ್ಲಿ ಹೋಗುತ್ತೋ! ಕೂದಲೆಳೆಯಂಥ ತಂತಿಯನ್ನೂ ಕೈ ನಡುಗದ ಹಾಗೆ ಬೆಸೀತಾನೆ.

ನಮ್ಮ ಯಜಮಾನರು ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದವರು. ಆ ಹಿಟ್ಟೆಲ್ಲ ಎದೆಯಲ್ಲಿ ಕೂತು, ಈಗ ಆಕ್ಸಿಜನ್ ಮಿಷಿನ್ ಇಲ್ಲದೆ ಅವರಿಗೆ ಉಸಿರಿಲ್ಲ. ಮಂಚದ ಪಕ್ಕ ಅದು ಹಸಿರು ದೀಪ ಉರಿಸ್ಕೊಂಡು ಹಗಲೂ ರಾತ್ರಿ ಬುಸ್ ಬುಸ್ ಅಂತಿರುತ್ತೆ. ಕೆಳಗಿನ ಮಳಿಗೆಯಲ್ಲಿ ವೆಲ್ಡಿಂಗ್ ಶಾಪು. ಶಾಪಿನವರು ವೆಲ್ಡಿಂಗ್ ಮಿಷಿನ್ ಹಾಕಿದಾಗ, ಆರಿಸಿದಾಗ ನಮ್ಮ ಮನೆ ಕರೆಂಟು ಒಂದು ಕ್ಷಣ ಎಗರುತ್ತೆ. ಆ ಎಗರಾಟಕ್ಕೆ ಆಕ್ಸಿಜನ್ ಮಿಷಿನ್ ಬೋರ್ಡು ಒಂದಲ್ಲ ಒಂದು ದಿನ ಸುಟ್ಟುಹೋಗುತ್ತೆ, ಒಳಗೊಂದು ತಡೆ ಹಾಕಬೇಕು ಅಂತ ತಮ್ಮನೇ ಹೇಳಿದ್ದ. ನಾಳೆ ಬಂದು ಹಾಕ್ತೀನಿ ಅಂದ. ಆ ಸಂಜೆಯೇ ಬೋರ್ಡು ಸುಟ್ಟಿತು. ಯಜಮಾನರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತು, ನಿನ್ನ ನಾಳೆಗೆ ಬೆಂಕಿ ಹಾಕ ಅಂತ ತಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈಬಾರದಿತ್ತು. ಏನು ಮಾಡೋದು, ನನ್ನ ಬಾಯಿ ನನ್ನ ಮಾತೇ ಕೇಳಲ್ಲ.

ಹೊಸ ಬೋರ್ಡು ಬಂದ ದಿನವೇ ಅವನು ಆ ತಡೆ ಹಾಕಿದ. ನೋಡೋಕೆ ಏನೂ ಇಲ್ಲ, ಎರಡು ಕಾಲಿನ ಒಂದು ನೀಲಿ ಬಿಲ್ಲೆ, ಅಂಗಿ ಗುಂಡಿಯಷ್ಟು. ಕರೆಂಟು ಸರಿಯಾಗಿರೋವಾಗ ಅದು ಸುಮ್ಮನೆ ಇರುತ್ತಂತೆ, ಇದೆ ಅಂತಲೇ ಗೊತ್ತಾಗಬಾರದಂತೆ. ಮಿತಿ ಮೀರಿ ಎಗರಿದಾಗ ಮಾತ್ರ ಆ ಏಟನ್ನ ತಾನು ತಿಂದು ಬೋರ್ಡನ್ನ ಉಳಿಸುತ್ತಂತೆ. ಎಷ್ಟು ವೋಲ್ಟಿಗೆ ಏಳಬೇಕು ಅನ್ನೋದು ಬಿಲ್ಲೆ ಬಿಲ್ಲೆಗೂ ಬೇರೆ. ಪಾರ್ಟ್ಸ್ ಅಂಗಡಿಯವನು ಇನ್ನೂರ ಎಪ್ಪತ್ತೈದರದ್ದು ಹಾಕಿ ಅಂತ ಕೊಟ್ಟನಂತೆ. ಇವನು ಅದನ್ನೂ ತಗೊಂಡು, ಇನ್ನೂರ ಐವತ್ತರದ್ದೂ ಎರಡು ತಗೊಂಡು, ಕೊನೆಗೆ ಇನ್ನೂರ ಐವತ್ತರದ್ದನ್ನೇ ಹಾಕಿದ. "ಇದು ಬೇಗ ತಡೆಯುತ್ತೆ ಅಕ್ಕ. ಸ್ವಲ್ಪವೂ ಒಳಗೆ ಬಿಡಲ್ಲ," ಅಂದ. ನನಗೇನು ಗೊತ್ತು, ಒಳ್ಳೇದೇ ಆಯ್ತು ಅಂದ್ಕೊಂಡೆ.

ಅಷ್ಟಕ್ಕೂ ಅವನಿಗೆ ಸಮಾಧಾನ ಇಲ್ಲ. ದಿನಕ್ಕೆ ಮೂರು ಸಲ ಅಂಗಡಿಗೆ ಬೀಗ ಹಾಕಿ ಓಡಿ ಬರ್ತಿದ್ದ. ಮಿಷಿನ್ ಆರಿಸಿ, ಮುಚ್ಚಳ ಬಿಚ್ಚಿ, ಬಿಲ್ಲೆ ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡ್ತಿದ್ದ. ಅವನು ನೋಡಿ ಮುಗಿಸೋವರೆಗೂ ಯಜಮಾನರು ಮಂಚದ ಪಟ್ಟಿ ಹಿಡ್ಕೊಂಡು, ಕಣ್ಣು ಮುಚ್ಚಿ, ಉಸಿರು ಲೆಕ್ಕ ಹಾಕ್ತಾ ಕೂತಿರ್ತಿದ್ದರು.  ನನಗೆ ಪಿತ್ತ ನೆತ್ತಿಗೇರಿದರೂ, ಆಸ್ಪತ್ರೆ ಮೆಟ್ಟಿಲು ನೆನಪಾಗಿ ತುಟಿ ಕಚ್ಚಿಕೊಳ್ತಿದ್ದೆ.

ಹಾಕಿ ಐದು ದಿನಕ್ಕೆ ಭಾನುವಾರ ಬಂತು. ವೆಲ್ಡಿಂಗ್ ಶಾಪಿಗೆ ರಜ, ಓಣಿಯ ಕಾರ್ಖಾನೆಗಳಿಗೂ ರಜ. ಇವತ್ತಾದರೂ ನೆಮ್ಮದಿ ಅಂತ ಬಟ್ಟೆ ಒಗೀತಿದ್ದೆ. ಸುಟ್ಟ ವಾಸನೆ ಬಂತು, ಮಿಷಿನ್ ಕೀ ಅಂತ ಕೂಗಿ ನಿಂತಿತು.  ಹೇಗೋ, ಆಸ್ಪತ್ರೆಯಿಂದ ಬರೋವಾಗ ತಂದಿಟ್ಟಿದ್ದ ಆಕ್ಸಿಜನ್ ಸಿಲಿಂಡರಿನ ಕೊಳವೆ ಯಜಮಾನರ ಮೂಗಿಗೆ ಹಾಕಿ ತಮ್ಮನಿಗೆ ಫೋನ್ ಮಾಡಿದೆ. ಸಿಲಿಂಡರಿನಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ಗಂಟೆಯ ಗಾಳಿ.

ಅವನು ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಬಂದ. ಬಿಚ್ಚಿ ನೋಡಿದರೆ ನೀಲಿ ಬಿಲ್ಲೆ ಕರ್ರಗಾಗಿದೆ, ಫ್ಯೂಸ್ ಹೋಗಿದೆ, ಬೋರ್ಡಿಗೆ ಏನೂ ಆಗಿಲ್ಲ. ಬಿಲ್ಲೆಯೇ ಕಳಪೆ ಅಂತ ಶಪಿಸಿ, ಪೆಟ್ಟಿಗೆಯಿಂದ ಇನ್ನೊಂದು ಐವತ್ತರದ್ದನ್ನೇ ತೆಗೆದ. ಸೋಲ್ಡರಿಂಗ್ ಐರನ್ ಕಾಯೋಕೂ ಬಿಡದೆ ಬೆಸೆಯೋಕೆ ಹೋದ. ಐರನ್ ಹಿಡಿದಾಗ ಅವನು ಗಡಿಬಿಡಿ ಮಾಡಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಯಜಮಾನರು ಕೈಸನ್ನೆ ಮಾಡಿ ಅವನನ್ನ ಹತ್ತಿರ ಕರೆದರು. ಭಾನುವಾರ ಗಿರಣಿ ನಿಂತಾಗ ಬಲ್ಬು ಬೇರೆ ದಿನಕ್ಕಿಂತ ಜೋರಾಗಿ ಉರೀತಿತ್ತು, ಎಷ್ಟೋ ಸುಟ್ಟೂ ಹೋಗ್ತಿದ್ದವು, ಮೊದಲು ಗೋಡೆ ಪ್ಲಗ್ಗಿನಲ್ಲಿ ಎಷ್ಟು ಕರೆಂಟು ಬರ್ತಿದೆ ನೋಡು ಅಂದರು. ಇಷ್ಟು ಹೇಳೋಕೆ ಅವರಿಗೆ ನಾಲ್ಕು ಸಲ ಉಸಿರು ಎಳೀಬೇಕಾಯ್ತು. ಅವನು ಪ್ಲಗ್ಗಿಗೆ ಮೀಟರ್ ಇಟ್ಟ. ಇನ್ನೂರ ಅರವತ್ತೆಂಟು ವೋಲ್ಟು. ಕೇರಿಯಲ್ಲಿ ಯಾರೂ ಕರೆಂಟು ಎಳೆಯದ ದಿನ ಅದು ಅಷ್ಟಕ್ಕೆ ಏರುತ್ತೆ, ಅದು ಎಗರಾಟ ಅಲ್ಲ, ಮಿಷಿನ್ನೂ ತಡ್ಕೊಳ್ಳುತ್ತೆ. ಇವನ ಬಿಲ್ಲೆ ಮಾತ್ರ ಅದನ್ನೇ ಶತ್ರು ಅಂದ್ಕೊಂಡು ಬೆಳಗಿನಿಂದ ಹೊಡೆದಾಡಿ ಸುಟ್ಟುಹೋಗಿತ್ತು.

ಅವನು ನೆಲದ ಮೇಲೆ ಕೂತ. ಎಪ್ಪತ್ತೈದರದ್ದು ಹಾಕಿದರೆ ಎಗರಾಟ ಇನ್ನೂ ಸ್ವಲ್ಪ ಒಳಗೆ ಬರುತ್ತೆ ಭಾವ, ಏನಾದರೂ ಆದರೆ ಅಂತ ಅಳೋ ದನಿಯಲ್ಲಿ ಕೇಳಿದ. ಯಜಮಾನರು ಅವನ ತಲೆ ಮೇಲೆ ಕೈ ಇಟ್ಟರು.

"ಸ್ವಲ್ಪ ಬರ್ಲಿ ಬಿಡಪ್ಪ. ಕಾಯೋ ನೆಪದಲ್ಲಿ ದಿನಕ್ಕೆ ಮೂರು ಸಲ ನನ್ನ ಉಸಿರು ನಿಲ್ಲಿಸ್ತಿದ್ದೀಯ."

 ಅವನು ಪೆಟ್ಟಿಗೆಯ ಮೂಲೆಯಿಂದ ಆ ಎಪ್ಪತ್ತೈದರ ಬಿಲ್ಲೆ ತೆಗೆದು ಬೆಸೆದ, ಫ್ಯೂಸ್ ಹಾಕಿದ, ಮುಚ್ಚಳ ಮುಚ್ಚಿದ. ಮಿಷಿನ್ ಮತ್ತೆ ಬುಸ್ ಬುಸ್ ಅಂತ ಉಸಿರಾಡಿದಾಗ ಸಿಲಿಂಡರಿನ ಮುಳ್ಳು ಹೆಚ್ಚು ಕಮ್ಮಿ ಸೊನ್ನೆಯ ಮೇಲಿತ್ತು. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ಸೋಮವಾರ ವೆಲ್ಡಿಂಗ್ ಶುರುವಾಯ್ತು. ಮಿಷಿನ್ನಿಗೆ ಏನೂ ಆಗಲಿಲ್ಲ. ಮಂಗಳವಾರವೂ ಆಗಲಿಲ್ಲ. ತಮ್ಮ ಮಾತ್ರ ಇತ್ತ ತಲೆ ಹಾಕಲಿಲ್ಲ. ಈಗ ಚಡಪಡಿಕೆ ನನಗೆ ಅಂಟಿಕೊಂಡಿತು. ಮೆಟ್ಟಿಲ ಮೇಲೆ ಸದ್ದಾದರೆ ಸಾಕು, ಒಲೆ ಮೇಲಿದ್ದದ್ದನ್ನ ಬಿಟ್ಟು ಬಾಗಿಲಿಗೆ ಓಡ್ತಿದ್ದೆ.

ಮುಂದಿನ ಭಾನುವಾರ ಕತ್ತಲಾಗೋ ಹೊತ್ತಿಗೆ ಯಜಮಾನರ ಮಂಚದ ಪಕ್ಕದ ಕಿಟಕಿ ಹಾಕೋಕೆ ಹೋದೆ. ಎದುರಿನ ಫುಟ್‌ಪಾತಿನಲ್ಲಿ ಅವನು ನಿಂತಿದ್ದ. ಒಂದು ಸಲ ಈ ಕಾಲ ಮೇಲೆ, ಒಂದು ಸಲ ಆ ಕಾಲ ಮೇಲೆ ಭಾರ ಹಾಕ್ತಾ, ಕತ್ತೆತ್ತಿ ನಮ್ಮ ಕಿಟಕಿಯನ್ನೇ ನೋಡ್ತಿದ್ದ. ಕೂಗೋಕೆ ಬಾಯಿ ತೆಗೆದೆ. ಯಜಮಾನರು ಬೇಡ ಅಂತ ತಲೆ ಆಡಿಸಿದರು.

"ಪ್ರತಿ ಸಂಜೆ ಬರ್ತಾನೆ," ಅಂದರು. "ಮಿಷಿನ್ನನ್ನ ಸ್ವಲ್ಪ ಈ ಕಡೆ ತಿರುಗಿಸು. ಹಸಿರು ದೀಪ ಅವನಿಗೆ ಕಾಣಲಿ."

ನಾನು ತಿರುಗಿಸಿದೆ. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿ, ಅಂಗಡಿ ಕಡೆ ನಡೆದ. ಓಡಲಿಲ್ಲ.