ಗ್ರಾಫಿಕ್ಸ್ ಕಾರ್ಡಿಗೆ ಕುಂಕುಮ

ಯಾವಗಲ್ ಊರಿನ ನಮ್ಮ ಹೊಲದಲ್ಲಿ ನನ್ನ ಸ್ವಂತ ಟ್ರ್ಯಾಕ್ಟರ್ ಇದೆ. ಅದನ್ನು ಹೊಡೆಯಲು ಬೇಸರಪಡುವ ನಾನು, ಕಂಪ್ಯೂಟರಿನಲ್ಲಿ ಟ್ರ್ಯಾಕ್ಟರ್ ಹೊಡೆಯುವ ಆಟಕ್ಕಾಗಿ ಹೆಂಡತಿಗೆ ಅರ್ಧ ಸುಳ್ಳು ಹೇಳಿದೆ. ಪೂರ್ತಿ ಸುಳ್ಳು ಹೇಳುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ.

ರೋಣದ ನಮ್ಮ ಮನೆಯ ಕಂಪ್ಯೂಟರ್ ಹೆಸರಿಗೆ ಇಬ್ಬರದು, ದುಡಿಮೆಗೆ ಗಿರಿಜಾಳದು. ಅವಳು ಅದರಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಾಳೆ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ವಧೂವರರಿಗೆ ನಾಲ್ಕು ಸಾಲು, ಉಳಿದ ಜಾಗವೆಲ್ಲ ಸ್ವಾಗತ ಕೋರುವವರಿಗೆ. ಒಬ್ಬ ಕಾಕಾನ ಹೆಸರು ಬಿಟ್ಟುಹೋದರೂ ಆತ ಅಕ್ಷತೆಗೆ ಬರುವುದಿಲ್ಲ. ಊಟಕ್ಕೆ ಮಾತ್ರ ಬಂದು ಮುಖ ಬಿಗಿದುಕೊಂಡು ಕೂಡುತ್ತಾನೆ. ಇಷ್ಟು ಹೆಸರು, ಮೇಲೊಬ್ಬ ಗಣಪತಿ, ತೀರಿಕೊಂಡ ಹಿರಿಯರ ಫೋಟೋ ಎಲ್ಲ ಕೂಡಿದೊಡನೆ ನಮ್ಮ ಕಂಪ್ಯೂಟರ್ ನಿಂತುಬಿಡುತ್ತಿತ್ತು.

ಮುಶಿಗೇರಿಯ ದೊಡ್ಡ ಮನೆತನವೊಂದರ ಪತ್ರಿಕೆ ಬಂದಾಗ ಗಿರಿಜಾ ಕೂಡಿಟ್ಟ ದುಡ್ಡು ತಂದು ನನ್ನ ಕೈಗಿಟ್ಟಳು. “ಕಂಪ್ಯೂಟರ್ ನಿಲ್ಲದಂಗ ಏನರ ತಗೊಂಡ ಬರ್ರಿ. ಈ ಕೆಲಸ ಕೆಟ್ರ ಮಂದಿ ನರಗುಂದದ ಪ್ರೆಸ್ಸಿಗೆ ಹೊಕ್ಕಾರ. ಆಮ್ಯಾಲ ನನ್ನ ಕಡೆ ಯಾರೂ ಬರಂಗಿಲ್ಲ” ಎಂದಳು.

ಗಜೇಂದ್ರಗಡದ ಅಂಗಡಿಯಲ್ಲಿ ಆ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತಿತ್ತು: ರ‍್ಯಾಮ್ ಇಲ್ಲವೇ ಗ್ರಾಫಿಕ್ಸ್ ಕಾರ್ಡ್. ಈ ಶಾಸ್ತ್ರ ತಿಳಿಯದವರಿಗೆ ಹೇಳುತ್ತೇನೆ. ರ‍್ಯಾಮ್ ಎಂದರೆ ರಾಶಿ ಮಾಡುವ ಕಣ. ಕಣ ಸಣ್ಣದಾದರೆ ಎಂಥ ಎತ್ತಿದ್ದರೂ ತೆನೆ ಹೊರಗೇ ಕಾಯಬೇಕು. ಗ್ರಾಫಿಕ್ಸ್ ಕಾರ್ಡ್ ಆ ಎತ್ತಿನ ಕೋಡಿಗೆ ಬಣ್ಣ ಬಳಿಯುವವನು. ಇಷ್ಟೆಲ್ಲ ತಿಳಿದೂ ನಾನು ಬಣ್ಣದವನನ್ನೇ ಆರಿಸಿದೆ. ಆಟದಲ್ಲಿ ಟ್ರ್ಯಾಕ್ಟರಿನ ಗಾಲಿಯ ಹಿಂದೆ ಏಳುವ ಧೂಳನ್ನು ಆ ಅಂಗಡಿಯಲ್ಲೇ ನೋಡಿದ್ದೆ. ಹೊಲದ ಧೂಳು ಮೂಗಿಗೆ ಹೋಗುತ್ತದೆ, ಇದು ಕಣ್ಣಿಗಷ್ಟೇ.

“ಏನ್ ಕೆಲಸ ಮಾಡ್ತೀರಿ ಅದರ ಮ್ಯಾಲ?” ಎಂದು ಅಂಗಡಿಯವರು ಕೇಳಿದರು.

“ಚಿತ್ರದ ಕೆಲಸರಿ” ಎಂದೆ. ಮನೆಗೆ ಬಂದು ಗಿರಿಜಾಳಿಗೆ, “ಇದರಿಂದ ಗಣಪತಿ ಭಾಳ ಚಲೋ ಕಾಣಸ್ತಾನ” ಎಂದೆ. ಅವಳು ನಂಬಿದಳು.

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮಲ್ಲಿ ಟ್ರ್ಯಾಕ್ಟರಿನಿಂದ ಹಿಟ್ಟಿನ ಗಿರಣಿಯವರೆಗೆ ಎಲ್ಲಕ್ಕೂ ಪೂಜೆ. ಕಾರ್ಡನ್ನು ಪೂಜೆಯಿಲ್ಲದೆ ಜೋಡಿಸುವುದು ಅವಳಿಗೆ ಸರಿಬರಲಿಲ್ಲ. ದೇವರ ಮುಂದಿಟ್ಟು, ಅದರಲ್ಲಿ ಬಂಗಾರದಂತೆ ಹೊಳೆಯುವ ಅಂಚು ಯಾವುದೆಂದು ನೋಡಿ, ಸರಿಯಾಗಿ ಅಲ್ಲಿಯೇ ವಿಭೂತಿ, ಕುಂಕುಮ ಹಚ್ಚಿದಳು. ಕಂಪ್ಯೂಟರಿನೊಳಗೆ ಕೂಡುವುದು ಆ ಅಂಚೇ. ನಾನೂ ಕೈಮುಗಿದು, ಒರೆಸಿ ಜೋಡಿಸಿದೆ. ಪರದೆ ಕಪ್ಪಗಾಯಿತು. ತೆಗೆದು ಮತ್ತೆ ಹಾಕಿದರೂ ಕಪ್ಪೇ.

“ನಾ ಕುಂಕುಮ ಹಚ್ಚಿ ಕೆಡಿಸಿದ್ನೇನ್ರಿ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಎಷ್ಟು ಸುಲಭ ಎನ್ನುವುದು ನಿಮಗೂ ಗೊತ್ತಿರಬೇಕು. ಅವಳು ರಾತ್ರಿ ಊಟ ಮಾಡಲಿಲ್ಲ.

ಮರುದಿನ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಜೇಂದ್ರಗಡಕ್ಕೆ ಹೋದೆ. ಅಂಗಡಿಯವರು ಶಾಲೆ ಹುಡುಗರ ಅಳಿಸುವ ರಬ್ಬರ್ ತೆಗೆದುಕೊಂಡು ಕಾರ್ಡಿನ ಅಂಚು ತಿಕ್ಕಿದರು. ತಮ್ಮ ಕಂಪ್ಯೂಟರಿಗೆ ಹಾಕಿದರೆ ಚಿತ್ರ ಬಂತು. ನಮ್ಮದಕ್ಕೆ ಹಾಕಿದರೆ ಕಪ್ಪು.

“ಕುಂಕುಮದ್ದೇನೂ ತಪ್ಪಿಲ್ರಿ. ನಿಮ್ಮ ಪವರ್ ಸಪ್ಲೈಗೆ ಇದನ್ನ ಎಳಿಯೋ ತಾಕತ್ತಿಲ್ಲ. ಅಂದಂಗ, ಏನ್ ಚಿತ್ರದ ಕೆಲಸರಿ ನಿಮ್ದು?”

“ಲಗ್ನಪತ್ರಿಕೇದ್ರಿ. ನಮ್ಮ ಮನಿಯವರು ಮಾಡ್ತಾರ.”

“ಅಯ್ಯ! ಅದಕ್ಕ ರ‍್ಯಾಮ್ ಬೇಕಲ್ರಿ!”

ಪೂಜೆಯಾದ ಸಾಮಾನು ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲವೆಂದು ಅವರು ಮೊದಲು ಖಡಾಖಂಡಿತವಾಗಿ ಹೇಳಿದರು. ಮುಶಿಗೇರಿಯವರು ನಾಳೆ ಬೆಳಿಗ್ಗೆಯೇ ಪತ್ರಿಕೆ ನೋಡಲು ಬರುತ್ತಾರೆಂದು ನಾನು ಮುಖ ಸಣ್ಣದು ಮಾಡಿ ನಿಂತ ಮೇಲೆ, ಬದಲಿಗೆ ರ‍್ಯಾಮ್ ಹಾಕಿಕೊಟ್ಟರು.

ಸಂಜೆ ಗಿರಿಜಾ ಮುಶಿಗೇರಿಯ ಪತ್ರಿಕೆ ತೆರೆದಳು. ಗಣಪತಿ ಬಂದ, ಹಿರಿಯರು ಬಂದರು, ಹೆಸರುಗಳು ಎಲ್ಲಿಯೂ ನಿಲ್ಲದೆ ಬಂದವು. ಅವಳ ಮುಖ ಅರಳಿತು. “ನನ್ನ ತಪ್ಪಿಗೆ ನೀವು ಅಡ್ಡಾಡಿದ್ರಿ. ಇನ್ನ ಮ್ಯಾಲ ಯಾವ ಸಾಮಾನಿಗೂ ನಾ ಕೈ ಹಚ್ಚಂಗಿಲ್ಲ” ಎಂದಳು.

ಈ ಮಾತು ನನಗೆ ತಡೆಯಲಾಗಲಿಲ್ಲ. ಆಟದ ಧೂಳಿನಿಂದ ಪವರ್ ಸಪ್ಲೈವರೆಗೆ ಎಲ್ಲ ಹೇಳಿಬಿಟ್ಟೆ. ಅವಳು ಕೊನೆಯ ಕಾಕಾನ ಹೆಸರು ಟೈಪ್ ಮಾಡಿ ಮುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಕಾರ್ಡೇನೋ ಅಂಗಡಿಯವರು ವಾಪಸ್ ತಗೊಂಡ್ರು. ನಿನ್ನಿಯಿಂದ ನಾ ದೇವರ ಮುಂದ ತಪ್ಪಾತು, ತಪ್ಪಾತು ಅಂತ ಗಲ್ಲಾ ಬಡ್ಕೊಂಡೇನಲ್ಲ, ಅದನ್ನ ಯಾರು ವಾಪಸ್ ತಗೋತಾರ?”

ನಾನು ಎದ್ದು ದೇವರ ಕೋಣೆಗೆ ಹೋಗಿ ಗಲ್ಲ ಬಡಿದುಕೊಳ್ಳತೊಡಗಿದೆ. ಹಿಂದಿನಿಂದ ದನಿ ಬಂತು: “ಜೋರ ಬಡ್ಕೋರಿ, ನನಗ ಕೇಳಸವಲ್ದು.”