ಕುಂಡದ ಮೇಲಿನ ಊರು

ಶಿವರತ್ನಮ್ಮ ಕೊಳ್ಳೇಗಾಲದಲ್ಲಿ ನರ್ಸ್ ಆಗಿದ್ದಳು. ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹಳ್ಳಿ ಸುತ್ತುವಾಗ ಯಾರ ಮನೆಯ ಮುಂದೆ ಹೊಸ ಬಗೆಯ ಕಳ್ಳಿ ಕಂಡರೂ ಒಂದು ಮರಿ ತರುತ್ತಿದ್ದಳು. ತಾರಸಿಯ ಮೇಲಿನ ಪ್ರತಿ ಕುಂಡಕ್ಕೂ ಬಿಳಿ ಪೇಂಟಿನಲ್ಲಿ ಗಿಡದ ಊರು ಬರೆಯುವಳು: ಧನಗೆರೆ, ಕುಂತೂರು, ಶಾಗ್ಯ.

೧೯೯೧ರ ಬೇಸಿಗೆಯಲ್ಲಿ ಮೈಸೂರಿನಿಂದ ಗಿಡ ನೋಡಲು ಬಂದವರೊಬ್ಬರು ಶಾಗ್ಯದ ಉಂಡೆಕಳ್ಳಿಯ ಮುಂದೆ ಕುಳಿತರು. ಅದು ಉದ್ದ ತೊಟ್ಟಿನ ಬಿಳಿ ಹೂ ಬಿಟ್ಟಿತ್ತು.

"ಇದು ನಮ್ಮ ದೇಶದ್ದಲ್ಲ ಮೇಡಂ. ಶಾಗ್ಯಕ್ಕೆ ಯಾರು ತಂದರು?"

ಅಂದಿನಿಂದ ಅವಳ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಸಿರಿಂಜು ಕುದಿಯಲಿಟ್ಟು ಮರೆತಳು. ಕುಂಡದ ಮೇಲಿನ ಊರು ಸುಳ್ಳೆನಿಸಿ ಅಳಿಸಿದಳು, ಮತ್ತೆ ಬರೆದಳು.

ಮರಿ ಸಿಕ್ಕಿದ್ದು ಶಾಗ್ಯದ ಮುದುಕಿ ಚಿಕ್ಕಮಾದಮ್ಮನ ಜಗಲಿಯಲ್ಲಿ. ಕೇಳಿ ಪಡೆದ ಗಿಡ ಬೇರುಬಿಟ್ಟು ಹತ್ತುವುದಿಲ್ಲ, ಕದ್ದದ್ದೇ ಹತ್ತುವುದು ಎಂಬ ನಂಬಿಕೆ ಆ ಮುದುಕಿಯದು. ಅದಕ್ಕೇ ಅಂದು ಬೇಕೆಂದೇ ಗೋಡೆಯ ಕಡೆ ತಿರುಗಿ ಕೂತಿದ್ದಳು, ಶಿವರತ್ನಮ್ಮ ಮರಿ ಕಿತ್ತುಕೊಂಡಿದ್ದಳು. ಕೊಟ್ಟೆನೆಂದು ಬಾಯಿಬಿಟ್ಟರೂ ಗಿಡ ಬಾಡುತ್ತದಂತೆ. ಈಗ ಅವಳ ತಾಯಿಗಿಡ ಮಳೆಗೆ ಕೊಳೆತುಹೋಗಿತ್ತು. ಅದು ಎಲ್ಲಿಂದ ಬಂದಿತ್ತೆಂದು ಎಷ್ಟು ಕೇಳಿದರೂ ಒಂದೇ ಉತ್ತರ:

"ನನ್ ಮನೇಲಿ ಕಳ್ಳಿಯಾ? ಯಾವ ಕಳ್ಳಿ ಕನವ್ವ?"

ಕೊನೆಗೆ ಶಿವರತ್ನಮ್ಮ ಕುಂಡವನ್ನೇ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಮುದುಕಿಯ ಜಗಲಿಯ ಮೇಲೆ ಇಳಿಸಿದಳು.

"ತಗೊಳ್ಳಿ ಅಜ್ಜಿ. ನಿಮ್ದು ನಿಮಗೇ ಬಂತು. ಇನ್ನು ನನಗೆ ಕೊಟ್ರಿ ಅನ್ನೋ ಮಾತೇ ಇಲ್ಲ. ಇದನ್ನ ಎಲ್ಲಿಂದ ತಂದ್ರಿ? ಹೇಳಿ."

ಚಿಕ್ಕಮಾದಮ್ಮ ಗಿಡವನ್ನು ಸುತ್ತಲೂ ನೋಡಿದಳು. "ಅಯ್, ಚೆಂದಾಗೇ ಸಾಕಿದ್ದೀಯ ನರ್ಸಮ್ಮ." ಬೀದಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಒಸ್ದಾಗಿ ಮದ್ವೆ ಆಗಿದ್ದಾಗ ಬಿಳಿಗಿರಿ ಬೆಟ್ಟದ ಕಾಪಿ ತೋಟಕ್ಕೆ ಕೂಲಿಗೆ ಓಗಿದ್ದೆ. ಬಂಗ್ಲೆ ಮೆಟ್ಲ ಮ್ಯಾಲಿತ್ತು. ದೊರೆಸಾನಿ ನಾಯಿ ಕರೆಯಕ್ಕೆ ಅತ್ತಗೆ ತಿರುಗುದ್ಲು. ಕಿತ್ತು ಮಡ್ಲಿಗೆ ಆಕ್ಕಂಡೆ. ಒಟ್ಟೆ ತುಂಬಾ ಮುಳ್ಳು!"

"ಅವರೂ ಬೇಕಂತಲೇ ತಿರುಗಿದ್ರಾ?"

"ಎಲ್ಲಿ ಬಂತು? ನಿಜಕ್ಕೂ ಕದ್ದೆ ಕನವ್ವ. ಅದ್ನ ಬರ್ದುಗಿರ್ದೀಯ, ಪೋಲೀಸ್ನೋರು ಬಂದಾರು!"

ಶಿವರತ್ನಮ್ಮ ನಕ್ಕು, ಬುಡದಲ್ಲಿದ್ದ ಮರಿಯ ಕಡೆ ಕೈ ಚಾಚಿದಳು.

"ಮುಟ್ಬ್ಯಾಡ. ಬಾಯ್ಬುಟ್ಟಾಯ್ತಲ್ಲ, ಇನ್ ನಿನ್ ಕೈಲಿ ಅತ್ತಕಿಲ್ಲ."

ಬಸ್ಸಿನಲ್ಲಿ ಸೀರೆಗೆ ಅಂಟಿದ ಮಣ್ಣನ್ನು ಅವಳು ಕೊಡವಲಿಲ್ಲ. ಬೆಟ್ಟದ ಹೆಸರು ಸಿಕ್ಕಿತ್ತು, ಗಿಡ ಹೋಗಿತ್ತು. ಆದರೆ ಆ ಬಂಗಲೆಗೆ ಅದು ಬಂದದ್ದು ಎಲ್ಲಿಂದ? ಕೊಳ್ಳೇಗಾಲದಲ್ಲಿ ಇಳಿದವಳು ಮನೆಯ ದಾರಿ ಹಿಡಿಯಲಿಲ್ಲ. ಬಿಳಿಗಿರಿ ಬೆಟ್ಟದ ದಾರಿಯ ಯಳಂದೂರಿನ ಬಸ್ಸು ಎಷ್ಟೊತ್ತಿಗೆಂದು ವಿಚಾರಿಸುತ್ತ ನಿಂತಳು.