ಅಮ್ಮಕ್ಕನ ಡಬ್ಬಿಯೊಳಗೊಂದು ಕಡವು

ಬೆಳಗ್ಗೆ ಆರೂಕಾಲು. ಕಡಬ ತಾಲ್ಲೂಕಿನಲ್ಲಿ, ಕುಮಾರಧಾರೆಯ ದಡದ ಹೊಂಗೆ ಮರವೊಂದರ ಹಿಂದೆ ನಲವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಅಡಗಿ ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕೈಯಲ್ಲಿ ಮೊಬೈಲ್ ಹಿಡಿದಿದ್ದಾರೆ. ಡೈರಿಗೆ ಹಾಲು ಒಯ್ಯುವವರೊಬ್ಬರು ಬೈಕ್ ನಿಲ್ಲಿಸಿ, "ಎಂತ ಅಮ್ಮಕ್ಕ, ಈ ಪ್ರಾಯದಲ್ಲಿ ಕಣ್ಣಾಮುಚ್ಚಾಲೆಯಾ?" ಎಂದು ಕೇಳುತ್ತಾರೆ. "ಬೇಗ ಹೋಗು ಮಾರಾಯ, ನಿನ್ನ ಬೈಕೂ ಚಿತ್ರದಲ್ಲಿ ಬರ್ತದೆ" ಎಂದು ಅಮ್ಮಕ್ಕ ಗದರುತ್ತಾರೆ.

ಅಮ್ಮಕ್ಕನದು ಸುತ್ತಲಿನ ನಾಲ್ಕೂ ದಿಕ್ಕನ್ನು ಒಟ್ಟಿಗೆ ಹಿಡಿಯುವ ಕ್ಯಾಮೆರಾ. ಹಾಗಾಗಿ ಚಿತ್ರ ತೆಗೆಯುವವರು ಓಡಿ ಹೋಗಿ ಎಲ್ಲಾದರೂ ಅಡಗಲೇಬೇಕು. ಇವತ್ತು ಅದು ಇರುವುದು ಮೀನು ಹಿಡಿಯುವ ಜತ್ತಪ್ಪನ ತಲೆಯ ಮೇಲೆ. ಬೈಕಿನ ಹೆಲ್ಮೆಟ್ಟಿಗೆ ಟೇಪು ಸುತ್ತಿ ಕಟ್ಟಿದ್ದಾರೆ. ಹೆಲ್ಮೆಟ್ ಹಾಕಿಕೊಂಡು, ಬಿದಿರ ಗಳ ಹಿಡಿದು ದೋಣಿಯಲ್ಲಿ ನಿಂತ ಜತ್ತಪ್ಪನನ್ನು ನೋಡಿ ನನಗೆ ನಗು ತಡೆಯಲಾಗುತ್ತಿಲ್ಲ. ಅಮ್ಮಕ್ಕ ನಗುವುದಿಲ್ಲ. ಆಚೆ ದಡದಲ್ಲಿ ಶೀಲಾವತಿ ಎಂಬವರು ಒಬ್ಬರೇ ನಿಂತಿದ್ದಾರೆ. ಈ ಸಲವೂ ಕೆಲಸ ಕೆಟ್ಟರೆ ಶೀಲಾವತಿಯವರು ತಮ್ಮ ತಂದೆಯನ್ನು ಕಬ್ಬಿಣದ ಬಾಗಿಲ ಹಿಂದೆ ಕೂಡಿ ಹಾಕಬೇಕಾಗುತ್ತದೆ. ವೆಲ್ಡಿಂಗಿನವರು ಬಂದು ಅಳತೆ ತೆಗೆದು ಹೋಗಿಯೂ ಆಗಿದೆ.

ಅಮ್ಮಕ್ಕ ಅಂದರೆ ಪುತ್ತೂರು ತಾಲ್ಲೂಕಿನ ಕೆದಂಬಾಡಿಯ ಅಮ್ಮು. ಹನ್ನೊಂದನೆಯ ವಯಸ್ಸಿಗೆ ಬೀಡಿಯ ಮೊರ ತೊಡೆಯ ಮೇಲೆ ಬಂತು, ಇಪ್ಪತ್ತಾರು ವರ್ಷ ಅಲ್ಲಿಂದ ಇಳಿಯಲಿಲ್ಲ. ಬೀಡಿ ಕೆಲಸ ಕಡಿಮೆಯಾದಾಗ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡಿದರು. ಈಗ ಪುತ್ತೂರಿನಲ್ಲಿ ಸಣ್ಣ ಟ್ರಸ್ಟೊಂದು ನಡೆಸುವ ಹಿರಿಯರ ಹಗಲು ಕೇಂದ್ರದಲ್ಲಿ ಸಹಾಯಕಿ. ನಾಲ್ಕು ವರ್ಷಗಳ ಹಿಂದೆ ಆ ಕೇಂದ್ರಕ್ಕೆ ಯಾರೋ ಪುಣ್ಯಾತ್ಮರು ವರ್ಚುವಲ್ ರಿಯಾಲಿಟಿ ಸಾಧನ ದಾನ ಮಾಡಿದರು. ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಜಾಗದಲ್ಲಿ ನಿಂತಂತೆ ಕಾಣಿಸುವ ದೊಡ್ಡ ಕನ್ನಡಕ ಅದು, ಅಮ್ಮಕ್ಕನ ಬಾಯಲ್ಲಿ ಡಬ್ಬಿ. ಎಂಟು ತಿಂಗಳು ಕಪಾಟಿನಲ್ಲಿ ಧೂಳು ತಿಂದಿತು.

"ಅದರ ಒಳಗೆ ಇದ್ದದ್ದು ಎಂತ ಗೊತ್ತುಂಟಾ? ಹಿಮದ ಗುಡ್ಡ! ಹಾಕಿ ತೋರಿಸಿದ್ರೆ ನಮ್ಮ ಅಜ್ಜಿಯೊಬ್ಬರು ಚಳಿ ಆಗ್ತದೆ, ಶಾಲು ಕೊಡಿ ಅಂದ್ರು" ಎಂದು ಅಮ್ಮಕ್ಕ ನಗುತ್ತಾರೆ. "ನಾನು ಸೆಕ್ರೆಟರಿಯವರಿಗೆ ಹೇಳಿದೆ, ಇವರಿಗೆ ಇವರ ಊರು ತೋರಿಸ್ಬೇಕು ಸರ್, ನನಗೊಂದು ಕ್ಯಾಮೆರಾ ಕೊಡಿ ಅಂತ. ಅವರು ನನ್ನ ಮುಖವನ್ನೇ ನೋಡಿದ್ರು."

ಕ್ಯಾಮೆರಾ ಸಿಕ್ಕಿತು, ಹೇಳಿಕೊಡಲು ಯಾರೂ ಸಿಗಲಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ ಅಮ್ಮಕ್ಕ ಒತ್ತಬಾರದ್ದನ್ನೆಲ್ಲ ಒತ್ತಿ ಕಲಿತರು. ಈಗ ಪುತ್ತೂರು, ಸುಳ್ಯ, ಕಡಬದಲ್ಲಿ ಮರೆವಿನ ಕಾಯಿಲೆಯ ಹದಿನಾಲ್ಕು ಮಂದಿಯ ಮನೆಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಾರೆ. ಒಬ್ಬೊಬ್ಬರಿಗೆ ಹೆಚ್ಚೆಂದರೆ ಹತ್ತು ನಿಮಿಷ. ತಲೆ ತಿರುಗಿದರೆ, ಹೆದರಿದರೆ ತಕ್ಷಣ ಕಳಚುತ್ತಾರೆ. ನೆಲ್ಯಾಡಿಯ ಅಜ್ಜಿಯೊಬ್ಬರಿಗೆ ರಬ್ಬರ್ ಹಾಲು ತೆಗೆಯುವ ಬೆಳಗು ಬೇಕು. ರಾಮಕುಂಜದ ನಿವೃತ್ತ ಮೇಷ್ಟ್ರಿಗೆ ಮಕ್ಕಳು ಸಾಲಾಗಿ ನಿಂತ ಅಂಗಳ ಬೇಕು. ಪ್ರತಿ ಚಿತ್ರವನ್ನೂ ಅವರೇ ಹೋಗಿ ಹಿಡಿದು ತರುತ್ತಾರೆ. ಮುಂಜಾನೆಯೇ ಹೋಗುವುದು ಯಾಕೆಂದರೆ, ಬೆಳಗಾದ ಮೇಲೆ ಹಳೆಯ ಜಾಗದಲ್ಲೆಲ್ಲ ಹೊಸ ವಾಹನ ನಿಂತಿರುತ್ತದೆ.

ನಾನೂ ಮೊದಲು ಮೂಗು ಮುರಿದವನೇ. ನೆನಪು ಹೋದವರಿಗೆ ಸುಳ್ಳು ಊರು ತೋರಿಸುವುದು ಎಂಥ ಸೇವೆ ಎಂದು ಕೇಳಿಯೂ ಬಿಟ್ಟೆ. ಅಮ್ಮಕ್ಕನಿಗೆ ಸಿಟ್ಟು ಬರಲಿಲ್ಲ.

"ನನ್ನ ಅಮ್ಮನಿಗೂ ಹೀಗೇ ಆದದ್ದು. ಆಗ ನಮಗೆ ಕಾಯಿಲೆಯ ಹೆಸರು ಸಹ ಗೊತ್ತಿಲ್ಲ. ಬೀಡಿ ಕೊಡ್ಲಿಕ್ಕೆ ಕಂಪೆನಿಯ ಬ್ರಾಂಚಿಗೆ ಹೋಗ್ಬೇಕು ಅಂತ ದಿನಾ ಹೊರಡುದು. ಬ್ರಾಂಚ್ ಮುಚ್ಚಿ ವರ್ಷ ಆಯ್ತು, ಸುಮ್ಮನೆ ಕೂತ್ಕೊ ಅಂತ ನಾನು ಬೈಯುದು. ಒಂದು ದಿವಸ ಕೈ ಹಿಡಿದು ಕರ್ಕೊಂಡು ಹೋಗಿ ಆ ಬಾಗಿಲಾದರೂ ತೋರಿಸ್ಬಹುದಿತ್ತು. ನನಗೆ ಹೊಳೆಯಲೇ ಇಲ್ಲ." ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಶೀಲಾವತಿಯವರ ತಂದೆ ಡೊಂಬಯ್ಯನವರಿಗೆ ಎಂಬತ್ತಮೂರು. ಸೇತುವೆ ಆಗುವವರೆಗೆ ಈ ಕಡವಿನಲ್ಲಿ, ಅಂದರೆ ಹೊಳೆ ದಾಟುವ ಜಾಗದಲ್ಲಿ, ದೋಣಿ ನಡೆಸುತ್ತಿದ್ದವರು. ಆಚೆ ದಡದಲ್ಲಿ ಯಾರಾದರೂ "ಕೂ" ಎಂದು ಕೂಗು ಹಾಕಿದರೆ ಈಚೆಯಿಂದ ತಿರುಗಿ "ಕೂ" ಎನ್ನಬೇಕು. ಬಂದೆ ಎಂದು ಅದರ ಅರ್ಥ. ಕೂಗಿಗೆ ಓಗೊಟ್ಟು ಹೋಗದಿದ್ದರೆ ಕಡವಿನವರಿಗೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಎರಡು ವರ್ಷದಿಂದ ಡೊಂಬಯ್ಯನವರಿಗೆ ದಿನಾ ಸಂಜೆ ನಾಲ್ಕೂವರೆಗೆ ಆ ಕೂಗು ಕೇಳಿಸುತ್ತದೆ. ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದ ಮಗಳು ಹಟ್ಟಿಗೆ ಹೋಗಿ ಹಾಲು ಕರೆದು ಬರುವುದರೊಳಗೆ ಅಪ್ಪ ಇಲ್ಲ. ಕಳೆದ ಮಳೆಗಾಲದಲ್ಲಿ ಸೊಂಟ ಮಟ್ಟದ ಕೆಂಪು ನೀರಿನಿಂದ ಅವರನ್ನು ಎಳೆದು ತಂದದ್ದು ಇದೇ ಜತ್ತಪ್ಪ.

ಅಮ್ಮಕ್ಕ ಮೊದಲ ಸಲ ತಂದ ಚಿತ್ರದಲ್ಲಿ ಆಚೆ ದಡದ ತುಂಬ ಜನ. "ಜನ ಇದ್ರೆ ಅಜ್ಜನಿಗೆ ಖುಷಿ ಆಗ್ಬಹುದು ಅಂತ ನಾನೇ ಬೇಕೂಂತ ಭಾನುವಾರ ಹೋಗಿ ತೆಗೆದದ್ದು. ನನ್ನ ಬುದ್ಧಿಗಿಷ್ಟು!" ಅಷ್ಟು ಜನ ಕಾಯುತ್ತಿರುವುದನ್ನು ಕಂಡ ಡೊಂಬಯ್ಯ "ಬಂದೆ, ಬಂದೆ" ಎಂದು ಎದ್ದು ಓಡಿ ಹೊಸ್ತಿಲಿಗೆ ಎಡವಿ ಬಿದ್ದರು. ಮಂಡಿ ಒಡೆಯಿತು. ಎರಡನೇ ಸಲ ದಡ ಖಾಲಿ ಇರುವಾಗ ಹಿಡಿದು ತಂದರು. ಡೊಂಬಯ್ಯ ತಲೆ ತಿರುಗಿಸಿ ತಿರುಗಿಸಿ ನೋಡಿ, "ಯಾರೂ ಇಲ್ಲ" ಎಂದರು. ಅವತ್ತಿನಿಂದ ಹೊಳೆಗೆ ಹೋಗುವುದು ನಿಂತಿತು. ಅಮ್ಮಕ್ಕ ಗೆದ್ದೆ ಎಂದುಕೊಂಡರು. ಆರನೇ ದಿನ ಶೀಲಾವತಿಯವರ ಫೋನು ಬಂತು: "ಅಪ್ಪ ಏಳುದೇ ಇಲ್ಲ ಅಮ್ಮಕ್ಕ. ಗಂಜಿ ಮುಟ್ಟುದಿಲ್ಲ. ಇನ್ನು ಯಾರಿಗೂ ನಾನು ಬೇಡ ಅಂತ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ." ನಾಲ್ಕಾರು ದಿನ ಕಳೆದು ಅವರು ಎದ್ದದ್ದೇನೋ ಹೌದು, ಎದ್ದವರು ಮತ್ತೆ ಹೊಳೆಗೇ ಹೊರಟರು. ವೆಲ್ಡಿಂಗಿನವರನ್ನು ಕರೆಸಿದ್ದು ಆಗ.

"ನಾನು ಕಾಯುವವರನ್ನು ತೋರಿಸಿದೆ, ಇಲ್ಲದ್ದನ್ನೂ ತೋರಿಸಿದೆ. ದಾಟಿಸಿ ಆದದ್ದನ್ನು ತೋರಿಸ್ಲೇ ಇಲ್ಲ" ಎನ್ನುತ್ತಾರೆ ಅಮ್ಮಕ್ಕ. ಅದಕ್ಕೇ ಇವತ್ತಿನ ಈ ಹೆಲ್ಮೆಟ್ಟು, ಈ ದೋಣಿ. ಒಬ್ಬರೇ ಒಬ್ಬರು ಕಾಯಬೇಕು, ಹತ್ತಬೇಕು, ಈಚೆ ಬಂದು ಇಳಿಯಬೇಕು. ಜತ್ತಪ್ಪನ ಹೆಂಡತಿ ಬರುತ್ತೇನೆ ಎಂದಿದ್ದರು, ಮನೆಗೆ ನೆಂಟರು ಬಂದು ತಪ್ಪಿಹೋಯಿತು. ಕಡೆಗೆ ಮಲಗಿದ್ದ ತಂದೆಯ ಹತ್ತಿರ ನೆರೆಮನೆಯವರನ್ನು ಕೂರಿಸಿ ಶೀಲಾವತಿಯವರೇ ಬಂದಿದ್ದಾರೆ.

"ಅಜ್ಜನನ್ನೇ ನೋಡ್ತಾ ಇದ್ದೇನೆ ಅಂತ ನೋಡಿ ಶೀಲಕ್ಕ, ಕ್ಯಾಮೆರಾ ಅಂತ ನೋಡ್ಬೇಡಿ" ಎಂದು ಅಮ್ಮಕ್ಕ ಮೊದಲೇ ಹೇಳಿಕೊಟ್ಟಿದ್ದಾರೆ. ಶೀಲಾವತಿ ಬಾಯಿಗೆ ಕೈ ಅಡ್ಡ ಇಟ್ಟು ಕೂಗುತ್ತಾರೆ. ಕೂಗು ಅರ್ಧ ಹೊಳೆಯೂ ದಾಟುವುದಿಲ್ಲ. ಇನ್ನೊಮ್ಮೆ ಕೂಗುತ್ತಾರೆ. ಈ ಸಲ ಅದು ನೀರಿನ ಮೇಲೆ ತೇಲಿ ಬಂದು ನಮ್ಮನ್ನು ಮುಟ್ಟುತ್ತದೆ. ಜತ್ತಪ್ಪ ತಿರುಗಿ "ಕೂ" ಎಂದು ಗಳ ಊರುತ್ತಾನೆ. ಆಕೆ ಹತ್ತುತ್ತಾರೆ, ಎದುರು ಕೂರುತ್ತಾರೆ, ಈಚೆ ದಡ ಮುಟ್ಟುವವರೆಗೂ ಆ ಹೆಲ್ಮೆಟ್ಟಿನಿಂದ ಕಣ್ಣು ತೆಗೆಯುವುದಿಲ್ಲ.

ಸಂಜೆ ನಾಲ್ಕೂಕಾಲು. ಡೊಂಬಯ್ಯನವರನ್ನು ಕೈ ಇರುವ ಕುರ್ಚಿಯಲ್ಲಿ ಕೂರಿಸಿದ್ದಾರೆ. ಅಮ್ಮಕ್ಕ ನೆಲದ ಮೇಲೆ ಕೂತು, "ಅಜ್ಜ, ಕಡವಿಗೆ ಹೋಗುವನಾ?" ಎಂದು ಕೇಳಿ, ಅವರು ಹೂಂ ಎಂದ ಮೇಲೆಯೇ ಡಬ್ಬಿ ಕಟ್ಟುತ್ತಾರೆ. ಅವರು ನೋಡುತ್ತಿರುವುದು ನಮಗೆ ಮೊಬೈಲಿನಲ್ಲಿ ಕಾಣುತ್ತದೆ. ಕೂಗು ಕೇಳಿದ್ದೇ ತಡ, ಅವರ ಬೆನ್ನು ನೆಟ್ಟಗಾಗುತ್ತದೆ. "ಕೂ" ಎಂದು ಓಗೊಡುತ್ತಾರೆ. ಎರಡೂ ಕೈ ಗಾಳಿಯಲ್ಲಿ ಗಳ ಊರತೊಡಗುತ್ತವೆ. ಅಮ್ಮಕ್ಕ ಅವರ ಮೊಣಕಾಲ ಮೇಲೆ ಕೈ ಇಟ್ಟಿದ್ದಾರೆ. ಡೊಂಬಯ್ಯ ಏಳುವುದಿಲ್ಲ.

ಮೊಬೈಲಿನಲ್ಲಿ ಶೀಲಾವತಿ ದೋಣಿ ಹತ್ತುತ್ತಾರೆ. "ನಡುವಿಗೆ ಕೂತ್ಕೊಳ್ಳಿ ಅಕ್ಕ, ನಡುವಿಗೆ" ಎಂದು ಡೊಂಬಯ್ಯ ತುಳುವಿನಲ್ಲಿ ಹೇಳುತ್ತಾರೆ. "ಇದು ಇವತ್ತಿನ ಕಡೆಯದ್ದು. ಇನ್ನು ಯಾರು ಕರೆದ್ರೂ ನಾನಿಲ್ಲ. ಮನೆಯಲ್ಲಿ ನನ್ನ ಶೀಲ ಒಬ್ಬಳೇ ಉಂಟು. ನಾನು ಹೋಗದೆ ಅವಳು ಒಂದು ಅಗಳು ತಿನ್ನುದಿಲ್ಲ."

ಎರಡು ವರ್ಷದಿಂದ ಆ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ. ಶೀಲಾವತಿ ನಾಲ್ಕು ಹೆಜ್ಜೆ ಆಚೆ, ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಾರೆ. ಅಳು ಬಂದದ್ದು ಅವರಿಗೊಬ್ಬರಿಗೇ ಅಲ್ಲ, ಬರೆಯಲು ಹೋದ ನಾನೂ ಪುಸ್ತಕ ಮಡಚಿದೆ.

ದೋಣಿ ದಡ ಮುಟ್ಟಿದಾಗ ಡೊಂಬಯ್ಯ ಕೈ ಕೆಳಗಿಟ್ಟು, "ಆಯ್ತು" ಎಂದರು. ಡಬ್ಬಿ ಕಳಚಿದ ಮೇಲೆ ಗಂಜಿ ಕೇಳಿದರು. ನಾಲ್ಕೂವರೆ ದಾಟಿತು, ಐದಾಯಿತು, ಅವರು ಜಗಲಿ ಇಳಿಯಲಿಲ್ಲ. ಬಡಿಸಲು ಬಂದ ಮಗಳನ್ನು ನೋಡಿ, "ನೀವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದರು.

"ನಾನು ಶೀಲ."

"ಹೌದಾ? ನನ್ನ ಮಗಳ ಹೆಸರೂ ಅದೇ." ಅವರಿಗೆ ತುಂಬ ಸಂತೋಷವಾದಂತೆ ಕಂಡಿತು. ಗಂಜಿ ಪೂರ್ತಿ ಉಂಡರು.

ಶೀಲಾವತಿ ವೆಲ್ಡಿಂಗಿನವರಿಗೆ ಫೋನ್ ಮಾಡಿ, ಈ ತಿಂಗಳು ಬೇಡ, ನೋಡಿ ಹೇಳ್ತೇನೆ ಎಂದಿದ್ದಾರೆ. ನಾಳೆ ಸಂಜೆ ಏನೋ, ನಾಡಿದ್ದು ಏನೋ, ಅಮ್ಮಕ್ಕನಿಗೂ ಗೊತ್ತಿಲ್ಲ. ಈ ಕಾಯಿಲೆ ವಾಸಿಯಾಗುವುದಲ್ಲ ಎಂಬುದನ್ನು ಅವರಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ.

ಪುತ್ತೂರಿನ ಬಸ್ಸಿಗೆ ಕಾಯುತ್ತ ನಿಂತಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಹೊಸ ಕ್ಯಾಮೆರಾ ಎನ್ನುತ್ತಾರೆಂದು ಎಣಿಸಿದ್ದೆ.

"ಅಜ್ಜ ಒಂದು ಸಲ ಶೀಲಕ್ಕನ ಮುಖ ನೋಡಿ, ನೀನಾ ಅಂತ ಕೇಳ್ಬೇಕು. ಒಂದೇ ಸಲ ಸಾಕು" ಎಂದರು ಅಮ್ಮಕ್ಕ. ಬಸ್ಸು ತಿರುವಿನಲ್ಲಿ ಕಾಣಿಸಿತು. ಚೀಲ ಹೆಗಲಿಗೇರಿಸುತ್ತ ಅವರು ಮತ್ತೆ ಹೇಳಿದರು: "ಆ ದಿವಸ ನಾನು ಅಲ್ಲಿ ಇರ್ಬೇಕು ಅಂತ ಇಲ್ಲ. ಶೀಲಕ್ಕ ಹತ್ತಿರ ಇದ್ರೆ ಆಯ್ತು."